ಬಚ್ಚಲ ಒಲೆ, ಸೋಲಾರ್, ಮಳೆಗಾಲ: ಮನೆಯ ಬಿಸಿನೀರು ಕೈಕೊಡದಂತೆ ನಾನು ನೋಡಿಕೊಳ್ಳುವ ಬಗೆ

ಮಲೆನಾಡಿನ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಬಿಸಿನೀರಿಗೆ ಒಂದೇ ವ್ಯವಸ್ಥೆ ನಂಬಿಕೊಂಡರೆ ಆಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೋಲಾರ್ ಹೆಸರಿಗಷ್ಟೇ ಇರುತ್ತದೆ. ಉಳಿದ ಎಂಟು ತಿಂಗಳು ದಿನಾ ಒಲೆ ಉರಿಸಿದರೆ ಸೌದೆ ದಂಡ. ಹಾಗಾಗಿ ನಮ್ಮಲ್ಲಿ ಬಚ್ಚಲ ಹಂಡೆಯೂ ಇದೆ, 100 ಲೀಟರಿನ ಗಾಜಿನ ಕೊಳವೆಯ ಸೋಲಾರೂ ಇದೆ. ಎರಡರ ರಿಪೇರಿಯೂ ನನ್ನದೇ. ಎರಡರಲ್ಲೂ ಬಿಸಿ ಮಾಡುವ ಭಾಗ ಕೆಡುವುದು ಕಡಿಮೆ. ತಕರಾರು ಬರುವುದು ಹೊಗೆ ಹೋಗುವ ದಾರಿ, ಗಾಳಿ ಬರುವ ದಾರಿ, ನೀರು ಹರಿಯುವ ದಾರಿಗಳಲ್ಲಿ. ನೀರು ಕಾಯುತ್ತಿಲ್ಲ ಎಂದಾಗ ನಾನು ಮೊದಲು ನೋಡುವುದು ಈ ಮೂರನ್ನು.

ಒಲೆಯಿಂದ ಶುರು ಮಾಡೋಣ. 100 ಲೀಟರ್ ನೀರನ್ನು 20 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 16.7 ಮೆಗಾಜೂಲ್ ಶಾಖ ಬೇಕು. ಚೆನ್ನಾಗಿ ಒಣಗಿದ ಸೌದೆ ಕೆಜಿಗೆ ಸುಮಾರು 15 ಮೆಗಾಜೂಲ್ ಕೊಡುತ್ತದೆ. ಲೆಕ್ಕಕ್ಕೆ ಒಂದು ಕೆಜಿ ಚಿಲ್ಲರೆ ಸಾಕು! ಆದರೆ ಹಳೆಯ ತೆರೆದ ಒಲೆಯಲ್ಲಿ ಬೆಂಕಿಯ ಶಾಖದ ನೂರಕ್ಕೆ 15 ಪಾಲು ಮಾತ್ರ ನೀರಿಗೆ ಸೇರಿದರೆ ಏಳೂವರೆ ಕೆಜಿ ಬೇಕಾಗುತ್ತದೆ. ಅದನ್ನು 30 ಪಾಲಿಗೆ ಏರಿಸಿದರೆ ಸೌದೆ ಅರ್ಧಕ್ಕಿಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ತಂತ್ರಜ್ಞಾನ ಒದಗಿಸಲೆಂದು 1974ರಲ್ಲಿ ಹುಟ್ಟಿದ ಅಸ್ತ್ರ ಕೇಂದ್ರದಿಂದ ಬಂದ ಅಸ್ತ್ರ ಒಲೆಯ ಗುಟ್ಟೂ ಇಷ್ಟೇ: ಕೆಳಗೆ ಜಾಲರಿ, ಸುತ್ತ ಇಕ್ಕಟ್ಟಾದ ಸಂದು, ಹಿಂದೆ ಚಿಮಣಿ. ಅದೇ ತತ್ವವನ್ನು ಹಂಡೆಗೆ ಹೊಂದಿಸಿಕೊಂಡರೆ ಆಯಿತು.

ಎರಕದ ಕಬ್ಬಿಣದ ಜಾಲರಿ 9 ಇಂಚು ಚೌಕದ್ದು, ಸಂದು ಅರ್ಧ ಇಂಚಿನದು ಹಾಕಿದ್ದೇನೆ. ಕಟ್ಟಡದ ಸರಳು ಬಾಗಿಸಿ ಜಾಲರಿ ಮಾಡಿದರೆ ಕೆಂಡದ ಬಿಸಿಗೆ ಬೇಗ ಜೋತುಬೀಳುತ್ತದೆ. ಜಾಲರಿಯ ಕೆಳಗೆ ಬೂದಿಗುಂಡಿಗೆ 6 ಇಂಚು ಆಳ, ಅದಕ್ಕೆ ಹೊರಗಿನಿಂದ ಗಾಳಿಬಾಯಿ. ಜಾಲರಿಯಿಂದ ಹಂಡೆಯ ತಳಕ್ಕೆ 9 ಇಂಚು ಎತ್ತರ. ಇದಕ್ಕಿಂತ ತಗ್ಗಿಸಿದರೆ ಜ್ವಾಲೆ ಪೂರ್ತಿ ಉರಿಯುವ ಮೊದಲೇ ತಣ್ಣನೆಯ ತಳಕ್ಕೆ ತಾಗಿ ಮಸಿಯಾಗುತ್ತದೆ. ಹೆಚ್ಚಿಸಿದರೆ ಶಾಖ ಗೋಡೆಗೆ ಹೋಗುತ್ತದೆ.

ಹಂಡೆಯ ಸುತ್ತಲಿನ ಸಂದನ್ನು ಎಲ್ಲ ಕಡೆ ಒಂದೇ ಸಮ ಬಿಡುವುದು ರೂಢಿ. ನನ್ನ ಪ್ರಕಾರ ಅದು ತಪ್ಪು. ಹೊಗೆಗೆ ಹತ್ತಿರದ ದಾರಿ ಬೇಕು, ಸಿಕ್ಕರೆ ನೇರ ಚಿಮಣಿಗೆ ನುಗ್ಗುತ್ತದೆ, ಹಂಡೆಯ ಎದುರು ಹೊಟ್ಟೆ ತಣ್ಣಗೇ ಉಳಿಯುತ್ತದೆ. ಚಿಮಣಿಯ ಬದಿಗೆ ಅರ್ಧ ಇಂಚು, ಅದರ ಎದುರು ಬದಿಗೆ ಒಂದೂಕಾಲು ಇಂಚು ಬಿಟ್ಟರೆ ಹೊಗೆ ಹಂಡೆಯನ್ನು ಸುತ್ತಿಯೇ ಹೋಗಬೇಕು. ಒಳಗೆ ಮೂರು ಇಟ್ಟಿಗೆಗಳ ಮೂತಿ ಚಾಚಿಸಿ ಅದರ ಮೇಲೆ ಹಂಡೆ ಕೂರಿಸಿ, ಭುಜದ ಮಟ್ಟದಲ್ಲಿ ಮಣ್ಣಿನಿಂದ ಮುಚ್ಚುತ್ತೇನೆ.

ಗಾರೆಗೆ ಸಿಮೆಂಟ್ ಬೇಡ. ಬೆಂಕಿಯ ಬಿಸಿಗೆ ಸಿಮೆಂಟಿನೊಳಗಿನ ಸುಣ್ಣ ನೀರು ಕಳೆದುಕೊಳ್ಳುತ್ತದೆ, ಆಮೇಲೆ ಮಳೆಗಾಲದ ತೇವ ಹೀರಿ ಉಬ್ಬುತ್ತದೆ, ಬಿರಿದು ಉದುರುತ್ತದೆ. ಹುತ್ತದ ಮಣ್ಣು ನಾಲ್ಕು ಬುಟ್ಟಿ, ಮರಳು ಒಂದು ಬುಟ್ಟಿ, ಭತ್ತದ ಹೊಟ್ಟು ಒಂದು ಬುಟ್ಟಿ, ಜೊತೆಗೆ ಸಗಣಿ ನೀರು. ಎರಡು ದಿನ ಕೊಳೆಹಾಕಿ ತುಳಿದು ಬಳಸಿದರೆ ಬಿರುಕು ಬಿಡುವುದು ಕಡಿಮೆ, ಬಿಟ್ಟರೂ ಅದೇ ಮಣ್ಣು ಮೆತ್ತಿದರೆ ಮುಗಿಯಿತು. ಬೆಂಕಿ ತಾಗುವ ಒಳಮೈಗೆ ಸುಟ್ಟ ಇಟ್ಟಿಗೆಯೇ ಆಗಬೇಕು. ಜಂಬಿಟ್ಟಿಗೆ ನೀರು ಹಿಡಿದುಕೊಂಡಿರುತ್ತದೆ, ಒಮ್ಮೆಲೇ ಕಾದರೆ ಚಕ್ಕೆ ಏಳುತ್ತದೆ. ಅದು ಹೊರಗೋಡೆಗೆ ಇರಲಿ. ಕಟ್ಟಿದ ಒಲೆಯನ್ನು ಒಂದು ವಾರ ನೆರಳಿನಲ್ಲಿ ಒಣಗಲು ಬಿಟ್ಟು, ಮೊದಲ ಮೂರು ದಿನ ತೆಂಗಿನ ಸಿಪ್ಪೆಯ ಸಣ್ಣ ಉರಿ ಮಾತ್ರ ಹಾಕಬೇಕು. ಈ ಕೆಲಸ ಮಾರ್ಚ್ ಏಪ್ರಿಲ್‌ನಲ್ಲಿ ಆಗಬೇಕು. ಮೇ ಕೊನೆಗೆ ಒಲೆ ಕಟ್ಟಲು ಕೂತವರದ್ದು ದೀಪಾವಳಿಗೂ ಒಣಗುವುದಿಲ್ಲ.

ಚಿಮಣಿಗೆ 4 ಇಂಚಿನ ಸಿಮೆಂಟ್ ಕೊಳವೆ ಸಾಕು. ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ತಗಡಿನದು ಅಗ್ಗ, ಆದರೆ ಹೊಗೆಯ ಆಮ್ಲದ ನೀರು ಒಳಗೆ ಹನಿಗಟ್ಟಿ ಅದನ್ನು ತಿನ್ನುತ್ತದೆ. ಸಿಮೆಂಟ್ ಕೊಳವೆಗಳಲ್ಲಿ, ಅದರಲ್ಲೂ ಹಳೆಯವುಗಳಲ್ಲಿ, ಕಲ್ನಾರು (ಆಸ್ಬೆಸ್ಟಾಸ್) ಇರಬಹುದು; ಕೊಯ್ಯುವಾಗ ನೀರು ಹಾಕುತ್ತಾ ಕೈಗರಗಸದಲ್ಲಿ ಕೊಯ್ಯಬೇಕು, ಮೂಗಿಗೆ ಮಾಸ್ಕ್ ಇರಬೇಕು, ಗ್ರೈಂಡರ್ ಮುಟ್ಟಲೇಬಾರದು. ಕೊಳವೆಯ ತುದಿ ಮಾಡಿನ ಬೆನ್ನಿಗಿಂತ ಎರಡು ಅಡಿ ಮೇಲಿರಲಿ. ಕೆಳಗಿದ್ದರೆ ಪಶ್ಚಿಮದಿಂದ ಮಳೆಗಾಳಿ ಹೊಡೆದಾಗ ಗಾಳಿ ಬೆನ್ನು ದಾಟಿ ಕೆಳಕ್ಕೆ ಮಗುಚಿ ಹೊಗೆಯನ್ನು ಒಳಕ್ಕೇ ತಳ್ಳುತ್ತದೆ. ಹಂಚಿನ ಮಾಡಿನಲ್ಲಿ ಕೊಳವೆಗೂ ಹಂಚು ಹೊತ್ತ ಮರದ ರೀಪು ಪಕಾಸಿಗೂ ಅರ್ಧ ಅಡಿ ಅಂತರ ಬೇಕು. ಸುತ್ತಲಿನ ತಗಡಿನ ಪಟ್ಟಿ ಮೇಲಿನ ಹಂಚಿನ ಅಡಿಗೆ, ಕೆಳಗಿನ ಹಂಚಿನ ಮೇಲೆ ಬರಬೇಕು. ತಿರುಗುಮುರುಗಾದರೆ ಎಷ್ಟು ಟಾರು ಬಳಿದರೂ ಸೋರುತ್ತದೆ.

ಕೊಳವೆಯ ಬುಡಕ್ಕೆ ಟೀ, ಅಂದರೆ T ಆಕಾರದ ಮೂರು ಬಾಯಿಯ ತುಂಡು ಹಾಕಿ, ಕೆಳಬಾಯಿಗೆ ಬಿಚ್ಚುವ ಮುಚ್ಚಳ ಇಡಿ. ಒಲೆ ದಿನಾ ಉರಿಯುವ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಮೇಲಿನಿಂದ ಹಗ್ಗಕ್ಕೆ ಕಟ್ಟಿದ ತೆಂಗಿನ ನಾರಿನ ಉಂಡೆ ಇಳಿಬಿಟ್ಟು ಎಳೆದರೆ ಇಲ್ಲಣವೆಲ್ಲ ಮುಚ್ಚಳದಲ್ಲಿ ಬೀಳುತ್ತದೆ. ಒಣ ಮಸಿ ಪುಡಿಪುಡಿಯಾಗಿದ್ದರೆ ಒಲೆ ಸರಿ ಇದೆ ಎಂದರ್ಥ. ಡಾಂಬರಿನಂತೆ ಅಂಟುತ್ತಿದ್ದರೆ ಸೌದೆ ಹಸಿ, ಅಥವಾ ಗಾಳಿಬಾಯಿ ಕಟ್ಟಿದೆ. ಆ ಅಂಟು ಒಳಗೇ ಹೊತ್ತಿಕೊಳ್ಳುವಂಥದ್ದು, ಉದಾಸೀನ ಬೇಡ. ಅಡಿಕೆ ಸುಲಿದ ಸಿಪ್ಪೆಯನ್ನು ಹಾಗೇ ತಂದು ಒಟ್ಟುವವರ ಚಿಮಣಿಯಲ್ಲೇ ಇದು ಹೆಚ್ಚು. ಸಿಪ್ಪೆ, ಹಾಳೆ, ಸೋಗೆ ಏನೇ ಇರಲಿ, ಒಂದು ಬೇಸಿಗೆಯ ಬಿಸಿಲು ಕಂಡಿರಬೇಕು.

ಒಲೆಬಾಯಿ ಬಚ್ಚಲಿನ ಹೊರಗೋಡೆಯಲ್ಲಿರುವುದು ಹಿರಿಯರ ಒಳ್ಳೆಯ ಕ್ರಮ. ಈಗ ಒಳಗೇ ಒಲೆ ಇಟ್ಟು, ಚಳಿಗೆಂದು ಕಿಟಕಿ ಮುಚ್ಚಿ ಸ್ನಾನ ಮಾಡುವ ಮನೆಗಳಿವೆ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೇ ಇಲ್ಲ. ಗ್ಯಾಸ್ ಗೀಸರನ್ನು ಮುಚ್ಚಿದ ಬಚ್ಚಲಲ್ಲಿ ಹಾಕಿದರೂ ಇದೇ ಅಪಾಯ.

ಹಂಡೆ ತೂತಾದರೆ ಎಂ-ಸೀಲ್ ಮೆತ್ತುವುದು ವ್ಯರ್ಥ; ಬೆಂಕಿಯ ಕಡೆ ಅದು ಕರಕಲಾಗುತ್ತದೆ. ತವರದ ಬೆಸುಗೆ ಸುಮಾರು 190 ಡಿಗ್ರಿಗೆ ಕರಗುತ್ತದೆ. ಒಳಗೆ ನೀರಿರುವವರೆಗೆ ತಾಮ್ರದ ತಳ ನೂರರ ಆಸುಪಾಸಿನಲ್ಲೇ ಇರುವುದರಿಂದ ನೀರಿನ ಮಟ್ಟದ ಕೆಳಗಿನ ಸಣ್ಣ ತೂತಿಗೆ ತವರ ನಿಲ್ಲುತ್ತದೆ. ಮಟ್ಟದ ಮೇಲಿನ ಜೋಡಣೆಗೆ ನಿಲ್ಲುವುದಿಲ್ಲ, ಅಲ್ಲಿಗೆ ಗ್ಯಾಸ್ ವೆಲ್ಡಿಂಗ್‌ನವರಿಂದ ಬ್ರೇಜಿಂಗ್, ಅಂದರೆ ಹೆಚ್ಚಿನ ಬಿಸಿಗೆ ಕರಗುವ ಲೋಹದ ಬೆಸುಗೆ, ಮಾಡಿಸಬೇಕು. ಬೆಸುಗೆ ಹಾಕಿದ ಹಂಡೆಯನ್ನು ಖಾಲಿ ಇಟ್ಟು ಒಲೆ ಹಚ್ಚಿದರೆ ಒಂದೇ ದಿನಕ್ಕೆ ಮತ್ತೆ ತೂತು. ಹೊರಮೈಗೆ ಬೂದಿ ಕಲಸಿದ ಕೆಮ್ಮಣ್ಣು ತೆಳ್ಳಗೆ ಬಳಿದರೆ ಮಸಿ ಅದಕ್ಕೆ ಹಿಡಿಯುತ್ತದೆ, ತಿಂಗಳಿಗೊಮ್ಮೆ ತೆಂಗಿನ ಚಿಪ್ಪಿನಲ್ಲಿ ಕೆರೆದರೆ ಸುಲಭವಾಗಿ ಬರುತ್ತದೆ.

ಇನ್ನು ಸೋಲಾರ್. ಇಡುವ ಜಾಗವೇ ಅರ್ಧ ಕೆಲಸ, ಅದನ್ನು ಡಿಸೆಂಬರಿನಲ್ಲಿ ಗುರುತು ಮಾಡಿಕೊಳ್ಳಬೇಕು. ಆ ತಿಂಗಳ ಕೊನೆಗೆ ಶಿವಮೊಗ್ಗದ ಅಕ್ಷಾಂಶದಲ್ಲಿ ನಡುಹಗಲಿನ ಸೂರ್ಯನೂ ಸುಮಾರು 53 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ; 40 ಅಡಿಯ ಅಡಿಕೆ ಮರದ ನೆರಳು 30 ಅಡಿ ಉತ್ತರಕ್ಕೆ ಚಾಚುತ್ತದೆ. ಬೆಳಿಗ್ಗೆ, ಸಂಜೆ ಇನ್ನೂ ಉದ್ದ. ಮೇ ತಿಂಗಳಲ್ಲಿ ಬಿಸಿಲು ಬಿದ್ದ ಜಾಗವನ್ನೇ ನಂಬಿದರೆ ನಿಜವಾಗಿ ಬಿಸಿನೀರು ಬೇಕಾದ ಚಳಿಗಾಲದಲ್ಲಿ ತೋಟದ ನೆರಳು ಬರುತ್ತದೆ. ನೀರು ಸೇರಿ 100 ಲೀಟರಿನದ್ದು 150 ಕೆಜಿ ಮೀರುತ್ತದೆ, ಹಂಚಿನ ಮಾಡು ಅದಕ್ಕಲ್ಲ. ಬಚ್ಚಲಿನ ಆರ್‌ಸಿಸಿ ತಾರಸಿ ಮೇಲೆ ಇಡಿ, ಅಥವಾ ನೆಲದಿಂದಲೇ ಕಬ್ಬಿಣದ ಸ್ಟ್ಯಾಂಡ್ ಎತ್ತಿ.

ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ ನಾನು ಅದನ್ನು ಪೂರ್ತಿ ನೋಡುತ್ತೇನೆ. ಮೊದಲು ಕೊಳವೆಗಳ ಬುಡ. ಅಲ್ಲಿ ಕನ್ನಡಿಯಂತೆ ಹೊಳೆಯುವ ಬೇರಿಯಂ ಲೇಪ ಇರುತ್ತದೆ. ಬೆಳ್ಳಗೆ ಹಾಲುಬಣ್ಣಕ್ಕೆ ತಿರುಗಿದ್ದರೆ ಆ ಕೊಳವೆಯ ಎರಡು ಪದರ ಗಾಜಿನ ನಡುವಿನ ನಿರ್ವಾತ ಹೋಗಿ ಗಾಳಿ ಸೇರಿದೆ. ಅದು ಸೋರದು, ಒಡೆದೂ ಇರದು, ಆದರೆ ಶಾಖ ಹಿಡಿಯದು. ಬಿಸಿಲಲ್ಲಿ ಮುಟ್ಟಿದಾಗ ಉಳಿದವುಗಳ ಹೊರಮೈ ತಣ್ಣಗಿದ್ದು ಇದೊಂದೇ ಬೆಚ್ಚಗಿರುತ್ತದೆ.

ಬದಲಾಯಿಸುವ ಕೆಲಸ ಬೆಳಗಿನ ಜಾವ ಬಿಸಿಲು ಏರುವ ಮುಂಚೆಯೇ ಆಗಬೇಕು. ಖಾಲಿ ಕೊಳವೆ ಬಿಸಿಲಿಗೆ 200 ಡಿಗ್ರಿ ದಾಟುತ್ತದೆ, ಆಗ ತಣ್ಣೀರು ಬಿಟ್ಟರೆ ಗಾಜು ಸಿಡಿಯುತ್ತದೆ. ತಣ್ಣೀರಿನ ವಾಲ್ವ್ ಮುಚ್ಚಿ, ಡ್ರೈನ್‌ನಿಂದ ಟ್ಯಾಂಕ್ ಖಾಲಿ ಮಾಡಿ. ಇಲ್ಲದಿದ್ದರೆ ಕೊಳವೆ ಎಳೆದ ತೂತಿನಿಂದ ಟ್ಯಾಂಕಿನ ನೀರೆಲ್ಲ ಮೈಮೇಲೆ. ಕೊಳವೆಯನ್ನು ಮೊದಲು ಟ್ಯಾಂಕಿನೊಳಕ್ಕೆ ಮೇಲಕ್ಕೆ ತಳ್ಳಿ, ಬುಡ ಅದನ್ನು ಹಿಡಿದಿರುವ ಬಟ್ಟಲಿನಿಂದ ಬಿಟ್ಟ ಮೇಲೆ ಪಕ್ಕಕ್ಕೆ ಸರಿಸಿ ಕೆಳಗೆಳೆಯಬೇಕು. ಒಳಗೆ ಎರಡೂವರೆ ಲೀಟರಿಗೂ ಹೆಚ್ಚು ನೀರಿರುವುದರಿಂದ ಕೈಗವಸು ಹಾಕಿ, ಇಬ್ಬರು ಹಿಡಿಯುವುದು ಒಳ್ಳೆಯದು. ಸಿಲಿಕೋನ್ ರಿಂಗನ್ನು ಹೊಸದೇ ಹಾಕಿ. ಹಳೆಯದು ಗಟ್ಟಿಯಾಗಿ ಚಪ್ಪಟೆಯಾಗಿರುತ್ತದೆ. ಅಂಚಿಗೆ ಸೋಪುನೀರು ಸವರಿ, ತಿರುಗಿಸುತ್ತಾ ತಳ್ಳಿ. ಎಣ್ಣೆ, ಗ್ರೀಸ್ ಬೇಡ, ರಿಂಗ್ ಉಬ್ಬುತ್ತದೆ.

ಅಬ್ಬಿ ನೀರಿನ ಮನೆಗಳಲ್ಲಿ ಇನ್ನೊಂದು ಕೆಲಸ ಉಂಟು. ಗುಡ್ಡದಿಂದ ಪೈಪಿನಲ್ಲಿ ಬರುವ ನೀರಿನ ಜೊತೆ ಸಣ್ಣ ಮರಳು, ಕೊಳೆತ ಎಲೆಯ ಹುಡಿ ಬಂದು ಕೊಳವೆಗಳ ಬುಡದಲ್ಲಿ ಕೂರುತ್ತದೆ. ಅಲ್ಲಿ ನೀರು ಸುತ್ತುವುದು ನಿಂತರೆ ಅಷ್ಟು ಉದ್ದದ ಗಾಜು ದಂಡ. ವರ್ಷಕ್ಕೆ ಮೂರು ನಾಲ್ಕು ಕೊಳವೆ ತೆಗೆದು ತೊಳೆದು ನೋಡಿದರೆ ಉಳಿದವುಗಳ ಸ್ಥಿತಿ ತಿಳಿಯುತ್ತದೆ. ತಣ್ಣೀರಿನ ಟ್ಯಾಂಕಿನಿಂದ ಸೋಲಾರ್‌ಗೆ ಹೋಗುವ ಕೊಳವೆಯನ್ನು ತಳದಿಂದ ನಾಲ್ಕು ಇಂಚು ಮೇಲೆ ಹಾಕಿಸಿದರೆ ಕೆಸರು ಬರುವುದೇ ಕಡಿಮೆ.

ಮೇಲೆ ನಿಂತ ಗಾಳಿಕೊಳವೆ, ಅಂದರೆ ವೆಂಟ್, ತಣ್ಣೀರಿನ ಟ್ಯಾಂಕಿನ ತುಂಬಿದ ಮಟ್ಟಕ್ಕಿಂತ ಎತ್ತರವಿರಬೇಕು, ಅದರ ಬಾಯಿ ಯಾವಾಗಲೂ ತೆರೆದಿರಬೇಕು. ಕುಂಬಾರ ಹುಳು ಗೂಡು ಕಟ್ಟಿ ಅದನ್ನು ಮುಚ್ಚಿದರೆ, ನಲ್ಲಿ ಬಿಟ್ಟಾಗ ಒಳಗೆ ಗಾಳಿ ಸೇರದೆ ಟ್ಯಾಂಕಿನ ಹೊಟ್ಟೆ ಒಳಕ್ಕೆ ಕುಸಿಯುತ್ತದೆ. ಬಾಯಿಗೆ ಸ್ಟೀಲ್ ಜಾಲರಿ ಕಟ್ಟಿ, ಬಾಯನ್ನು ಕೆಳಮುಖ ಬಾಗಿಸಿಡಿ. ಮಂಗಗಳ ಕಾಟಕ್ಕೆ ಕೊಳವೆಗಳ ಮೇಲೆ ಅರ್ಧ ಅಡಿ ಎತ್ತರದಲ್ಲಿ ಕೋಳಿ ಜಾಲರಿ ಹಾಕಿದರೆ ಬಿಸಿಲು ತುಸು ಕಡಿಮೆಯಾದರೂ ಗಾಜು ಉಳಿಯುತ್ತದೆ.

ಟ್ಯಾಂಕಿನಲ್ಲಿ ನೀರು ಕುದಿಯುವಂತಿದ್ದರೂ ಬಚ್ಚಲಲ್ಲಿ ನಲ್ಲಿ ಗೊರಗೊರ ಎನ್ನುತ್ತದೆಯೇ? ಪೈಪಿನಲ್ಲಿ ಗಾಳಿ ಸಿಕ್ಕಿದೆ. ಬಿಸಿನೀರಿಗೆ ಸಾದಾ ಪಿವಿಸಿ ಹಾಕಿದ ಕಡೆ ಇದು ಗ್ಯಾರಂಟಿ. 60 ಡಿಗ್ರಿಯ ಆಚೆ ಅದು ಮೆತ್ತಗಾಗಿ ನಡುವೆ ಜೋತು, ಏರಿಳಿತವಾಗಿ, ಏರಿದಲ್ಲೆಲ್ಲ ಗಾಳಿ ನಿಲ್ಲುತ್ತದೆ. ಬಿಸಿ ತಡೆಯುವ ಸಿಪಿವಿಸಿ ಪೈಪ್ ಹಾಕಿ, ಮೂರು ಅಡಿಗೊಂದು ಕ್ಲಾಂಪ್ ಕೊಟ್ಟು, ಟ್ಯಾಂಕಿನಿಂದ ನಲ್ಲಿಯವರೆಗೆ ಒಂದೇ ಇಳಿಜಾರು ಕಾಯ್ದುಕೊಳ್ಳಿ. ಏರಲೇಬೇಕಾದ ಜಾಗದಲ್ಲಿ ಅರ್ಧ ಇಂಚಿನ ಇನ್ನೊಂದು ವೆಂಟ್ ನಿಲ್ಲಿಸಿ.

ಮಳೆಗಾಲದಲ್ಲಿ ನಾನು ಸೋಲಾರನ್ನು ಮುಚ್ಚುವುದಿಲ್ಲ. ಅದರ ಬಿಸಿನೀರಿನ ಪೈಪಿನಿಂದ ಹಂಡೆಯ ಮೇಲೆ ಒಂದು ನಲ್ಲಿ ತಂದಿದ್ದೇನೆ. ಮೋಡದ ದಿನವೂ 21 ಡಿಗ್ರಿಯ ನೀರು 30 ಮುಟ್ಟಿದರೆ, 60ಕ್ಕೆ ಏರಿಸುವ ಸೌದೆಯಲ್ಲಿ ಸುಮಾರು ಕಾಲುಭಾಗ ಉಳಿಯುತ್ತದೆ. ನಲ್ಲಿಯ ನೀರು ತೆರೆದ ಹಂಡೆಗೆ ಮೇಲಿನಿಂದ ಬೀಳಬೇಕು ಅಷ್ಟೇ. ಮುಚ್ಚಿದ ಬಾಯ್ಲರಿಗೆ ಜೋಡಿಸಿ ನಡುವೆ ವಾಲ್ವ್ ಇಡಬೇಡಿ. ವೆಂಟ್ ಇಲ್ಲದ ಕಡೆ ವಾಲ್ವ್ ಮುಚ್ಚಿ ಒಲೆ ಉರಿಸಿದರೆ ಹಬೆಗೆ ದಾರಿಯಿಲ್ಲದೆ ಬಾಯ್ಲರ್ ಸಿಡಿಯುತ್ತದೆ.

ಗೀಸರಿನ ಬಗ್ಗೆ ಹೆಚ್ಚೇನಿಲ್ಲ. ಲೈನಿನ ಕೊನೆಯ ಮನೆಗಳಲ್ಲಿ ವೋಲ್ಟೇಜ್ 230ರ ಬದಲು 180 ಇದ್ದರೆ 2000 ವಾಟಿನ ಎಲಿಮೆಂಟ್ 1225 ವಾಟಷ್ಟೇ ಎಳೆಯುತ್ತದೆ. 18 ನಿಮಿಷಕ್ಕೆ ಕಾಯಬೇಕಾದ 15 ಲೀಟರಿಗೆ ಅರ್ಧ ಗಂಟೆ. ಇದು ಗೀಸರಿನ ದೋಷವಲ್ಲ. ನೀರು ಕಾಯುವುದೇ ನಿಂತರೆ ಪ್ಲಗ್ ಕಿತ್ತು, ವೈರ್ ಬಿಡಿಸಿ ಮೀಟರಿನಲ್ಲಿ ಎಲಿಮೆಂಟ್ ಅಳೆಯಿರಿ: 26 ಓಮ್ ಆಸುಪಾಸು ಬಂದರೆ ಎಲಿಮೆಂಟ್ ಸರಿ ಇದೆ, ಬಿಸಿ ಮಿತಿಮೀರಿದಾಗ ಕರೆಂಟ್ ಕಡಿಯುವ ಕಟೌಟ್ ಬಿದ್ದಿರಬೇಕು. ಅದರ ಗುಂಡಿ ಒತ್ತುವ ಮೊದಲು ಥರ್ಮೋಸ್ಟಾಟ್ ಪರೀಕ್ಷಿಸಿ, ಟ್ಯಾಂಕ್ ತುಂಬಿದೆಯೇ ಎಂದು ನಲ್ಲಿ ಬಿಟ್ಟು ನೋಡಿ. ಎಲಿಮೆಂಟಿನ ತುದಿಗೂ ಅದರ ಲೋಹದ ಹೊರಮೈಗೂ ನಡುವೆ ಮೀಟರ್ ಏನಾದರೂ ತೋರಿಸಿದರೆ ಎಲಿಮೆಂಟ್ ಒಳಗೆ ಒಡೆದಿದೆ, ಬದಲಾಯಿಸುವವರೆಗೆ ಪ್ಲಗ್ ಹಾಕುವಂತಿಲ್ಲ. ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದ ಬಚ್ಚಲಿಗೆ ಗೀಸರ್ ಬೇಡ.