ಎರಡೂ ಪಾದ ಜೋಮು ಹಿಡಿಯುತ್ತಿದೆಯಾ? ಥಿನ್ನರ್ ಡಬ್ಬವನ್ನೂ ಪರೀಕ್ಷಿಸಿ

ಚಪ್ಪಲಿ, ಬ್ಯಾಗ್ ಅಂಟಿಸುವವರು, ಸ್ಕ್ರೀನ್ ಪ್ರಿಂಟಿಂಗ್ ಮಾಡುವವರು, ಬಿಡಿಭಾಗ ಒರೆಸುವವರು ದಿನವಿಡೀ ಅಂಟು, ಥಿನ್ನರ್ ವಾಸನೆಯಲ್ಲೇ ಇರುತ್ತಾರೆ. ಅಂಥ ಕೆಲವು ಡಬ್ಬಗಳಲ್ಲಿ ಎನ್-ಹೆಕ್ಸೇನ್ ಎಂಬ ಕೆಮಿಕಲ್ ಇರುತ್ತದೆ. ಬೇಗ ಆರುತ್ತದೆ ಅಂತ ಬಳಸುತ್ತಾರೆ. ಆದರೆ ಅದರ ಆವಿ ನರಗಳನ್ನು ಕೆಡಿಸುತ್ತದೆ. 2009ರ ಸುಮಾರಿಗೆ ಚೀನಾದ ಸುಝೌನಲ್ಲಿ ಫೋನ್ ಪರದೆ ಒರೆಸಲು ಇದನ್ನು ಬಳಸಿ 137 ಕಾರ್ಮಿಕರು ಕಾಯಿಲೆ ಬಿದ್ದರು.

ಮೊದಲು ಲಕ್ಷಣ ಗಮನಿಸಿ. ಸಾಮಾನ್ಯವಾಗಿ ಎರಡೂ ಪಾದಗಳ ಬೆರಳಿನಿಂದ ಜೋಮು ಶುರುವಾಗಿ ನಿಧಾನವಾಗಿ ಮೇಲೇರುತ್ತದೆ. ಚಪ್ಪಲಿ ಕಳಚಿದರೂ ಗೊತ್ತಾಗುವುದಿಲ್ಲ. ಆಮೇಲೆ ಅಂಗಿ ಗುಂಡಿ ಹಾಕಲೂ ತಡಕಾಡಬೇಕು. ಒಂದೇ ಕೈ ಅಥವಾ ಒಂದೇ ಕಾಲಾದರೆ ನರ ಎಲ್ಲೋ ಒತ್ತಿಕೊಂಡಿರುವ ಸಾಧ್ಯತೆ ಜಾಸ್ತಿ. ನಾಲ್ಕೈದು ದಿನದಲ್ಲೇ ಕಾಲಿನ ಬಲ ಹೋಗುತ್ತಿದ್ದರೆ ಕಾಯಬೇಡಿ, ತಕ್ಷಣ ದೊಡ್ಡಾಸ್ಪತ್ರೆಗೆ ಹೋಗಿ.

ಎರಡನೆಯದು ಡಬ್ಬ. ನನ್ನ ಪ್ರಕಾರ ಅರ್ಧ ತನಿಖೆ ಇಲ್ಲೇ ಮುಗಿಯುತ್ತದೆ. ಲೇಬಲ್ ಫೋಟೊ ತೆಗೆದುಕೊಳ್ಳಿ. ಸೂಪರ್‌ವೈಸರ್ ಹತ್ತಿರ ಸೇಫ್ಟಿ ಡೇಟಾ ಶೀಟ್ (ಕೆಮಿಕಲ್ ತಯಾರಕರು ಕೊಡುವ ಸುರಕ್ಷತಾ ಮಾಹಿತಿ ಪತ್ರ) ಕೇಳಿ, ಅದರ 3ನೇ ಭಾಗ ನೋಡಿ. ಏನೇನು ಬೆರೆಸಿದ್ದಾರೆ ಅನ್ನುವುದು ಅಲ್ಲಿರುತ್ತದೆ. 110-54-3 ಎಂಬ ಗುರುತಿನ ಸಂಖ್ಯೆ ಕಂಡರೆ ಅದೇ ಎನ್-ಹೆಕ್ಸೇನ್. ಜೊತೆಗೆ ಮಿಥೈಲ್ ಈಥೈಲ್ ಕೀಟೋನ್ ಎಂಬ ಇನ್ನೊಂದು ಕೆಮಿಕಲ್ ಇದ್ದರೆ ಹಾನಿ ಇನ್ನೂ ಹೆಚ್ಚು. ಲೇಬಲ್ಲೇ ಇಲ್ಲದ ಬಿಡಿ ಥಿನ್ನರ್ ಆದರೆ ಎಲ್ಲಿಂದ ತಂದರು ಅಂತ ವಿಚಾರಿಸಿ. ಯಾವ ತಿಂಗಳಿಂದ ಬಳಸುತ್ತಿದ್ದೀರಿ, ದಿನಕ್ಕೆ ಎಷ್ಟು ಗಂಟೆ, ಕಿಟಕಿ, ಫ್ಯಾನ್ ಇದೆಯೇ ಎಲ್ಲ ಬರೆದಿಡಿ. ಪಕ್ಕದಲ್ಲಿ ಕೂರುವವರಿಗೂ ಜೋಮು ಇದೆಯೇ? ಇದನ್ನು ಕೇಳಲು ಮರೆಯಬೇಡಿ.

ಈ ಚೀಟಿ ಹಿಡಿದು ನರರೋಗ ತಜ್ಞರ ಬಳಿ ಹೋಗಿ. ಬೆಂಗಳೂರಿನವರಿಗೆ ನಿಮ್ಹಾನ್ಸ್ ಇದೆ. ವೈದ್ಯರು ಕಾಲಿನ ಹೆಬ್ಬೆರಳ ಮೇಲೆ ಟ್ಯೂನಿಂಗ್ ಫೋರ್ಕ್ (ತಟ್ಟಿದರೆ ಕಂಪಿಸುವ ಲೋಹದ ಕವಲುಕಡ್ಡಿ) ಇಟ್ಟು ಕಂಪನ ಗೊತ್ತಾಗುತ್ತಾ ಕೇಳುತ್ತಾರೆ, ಹಿಮ್ಮಡಿಗಿಂತ ತುಸು ಮೇಲಕ್ಕೆ, ಕಾಲಿನ ಹಿಂಭಾಗದಲ್ಲಿ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾರೆ. ಮುಂದಿನದು ನರ್ವ್ ಕಂಡಕ್ಷನ್ ಪರೀಕ್ಷೆ, ಅಂದರೆ ನರದಲ್ಲಿ ಸಂಕೇತ ಸರಿಯಾಗಿ ಹರಿಯುತ್ತಿದೆಯೇ ಅಂತ ನೋಡುವುದು. ಸಣ್ಣ ಕರೆಂಟ್ ಹೊಡೆದಂತಾಗುತ್ತದೆ, ಅಷ್ಟೇ. ನರ ಕೆಟ್ಟಿದೆ ಅಂತ ಇದು ಹೇಳುತ್ತದೆ, ಯಾವುದರಿಂದ ಕೆಟ್ಟಿತು ಅಂತ ಹೇಳುವುದಿಲ್ಲ. ಶುರುವಿನಲ್ಲಿ ನಾರ್ಮಲ್ ಅಂತಲೂ ಬರಬಹುದು.

ಹಾಗಾಗಿ ಶುಗರ್, ಬಿ12, ಥೈರಾಯ್ಡ್ ಕೂಡ ನೋಡಬೇಕು. ಕುಡಿಯುವ ಅಭ್ಯಾಸವಿದ್ದರೆ ಮುಚ್ಚಿಡಬೇಡಿ. ಬ್ಯಾಟರಿ ಕೆಲಸದವರು ರಕ್ತದಲ್ಲಿ ಸೀಸ ಎಷ್ಟಿದೆ ನೋಡಿಸಬೇಕು. ಶುಗರ್ ಸಿಕ್ಕಿತು ಅಂತ ಕೆಮಿಕಲ್ ಮಾತು ಬಿಟ್ಟುಬಿಡುವುದು ಸರಿಯಲ್ಲ. ಎರಡೂ ಒಟ್ಟಿಗೆ ಇರಬಹುದು ಅಲ್ವಾ?

ಹೆಕ್ಸೇನ್‌ಗೆ ಮೂತ್ರ ಪರೀಕ್ಷೆಯೂ ಇದೆ, ಎಲ್ಲ ಲ್ಯಾಬ್‌ಗಳಲ್ಲಿ ಸಿಗದು. ವಾರದ ಕೊನೆಯಲ್ಲಿ, ಶಿಫ್ಟ್ ಮುಗಿದ ಕೂಡಲೇ ಸ್ಯಾಂಪಲ್ ಕೊಡಬೇಕು. ರಜೆ ಹಾಕಿ ವಾರ ಬಿಟ್ಟು ಕೊಟ್ಟರೆ ಏನೂ ಸಿಗುವುದಿಲ್ಲ.

ಅನುಮಾನ ಬಲವಾದರೆ ಆ ಕೆಲಸದಿಂದ ದೂರ ಸರಿಯುವುದೇ ಚಿಕಿತ್ಸೆ. ಬಿಟ್ಟ ಮೇಲೂ ಎರಡು ಮೂರು ತಿಂಗಳು ಜೋಮು ಜಾಸ್ತಿಯಾಗಬಹುದು, ಗಾಬರಿ ಬೇಡ. ಸುಧಾರಿಸಲು ತಿಂಗಳುಗಳು, ಕೆಲವರಿಗೆ ವರ್ಷಗಳೇ ಬೇಕು. ಇಎಸ್‌ಐ ಕಾರ್ಡ್ ಇದ್ದರೆ ಪರಿಹಾರ ಕೇಳಲು ದಾಖಲೆ ಬೇಕಾಗುತ್ತದೆ. ಕೆಮಿಕಲ್ ಹೆಸರು, ಎಷ್ಟು ತಿಂಗಳು ಬಳಸಿದ್ದೀರಿ ಎಂಬುದನ್ನು ವೈದ್ಯರಿಂದಲೇ ಕೇಸ್ ಶೀಟಿನಲ್ಲಿ ಬರೆಸಿಕೊಳ್ಳಿ.