ದಿನಚರಿ ಕೈತಪ್ಪಿದಾಗ ಮೊದಲು ಎರಡು ಗೂಟ ಬಡಿಯಿರಿ

ಕಾಲಿನ ಮೂಳೆ ಮುರಿದು ಆರು ವಾರ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಕುಳಿತಿದ್ದೆ. ನೋವು ನಾಲ್ಕು ದಿನಕ್ಕೆ ತಗ್ಗಿತು. ತಗ್ಗದೆ ಉಳಿದದ್ದು ಬೆಳಿಗ್ಗೆ 8.10ರ ತಳಮಳ. ಬಾಗಿಲ ಪಕ್ಕದ ಮೊಳೆಯಿಂದ ಕಚೇರಿಯ ಗುರುತಿನ ಚೀಟಿ ತೆಗೆದು ಕೊರಳಿಗೆ ಹಾಕಿಕೊಳ್ಳುತ್ತಿದ್ದ ಹೊತ್ತು ಅದು. ಚೀಟಿ ಅಲ್ಲೇ ತೂಗುತ್ತಿತ್ತು, ಗಡಿಯಾರ ಓಡುತ್ತಿತ್ತು, ಹೋಗಬೇಕಾದ ಜಾಗ ಮಾತ್ರ ಇರಲಿಲ್ಲ. ಏನನ್ನೋ ಮರೆತವನಂತೆ ಎದೆ ಡವಡವ ಎನ್ನುತ್ತಿತ್ತು.

ಕೆಲಸ ಹೋಗಿರಲಿ, ಊರು ಬಿಟ್ಟಿರಲಿ, ಮನೆಯವರೊಬ್ಬರು ಹಾಸಿಗೆ ಹಿಡಿದಿರಲಿ, ಈ ಚಡಪಡಿಕೆಯ ಬೇರು ಒಂದೇ. ಮಿದುಳು ಸದಾ ಮುಂದಿನ ಗಳಿಗೆಯನ್ನು ಊಹಿಸುತ್ತಲೇ ಇರುತ್ತದೆ. ರೂಢಿಯಾದ ಕೆಲಸಗಳು ಬೇಸಲ್ ಗ್ಯಾಂಗ್ಲಿಯಾ ಎಂಬ ಒಳಭಾಗದ ನೆರವಿನಿಂದ ಯೋಚನೆಯ ಹಂಗಿಲ್ಲದೆ ನಡೆದುಹೋಗುತ್ತವೆ. ದಿನಚರಿ ತಪ್ಪಿತೋ, ಸ್ನಾನ ಈಗಲೋ ಆಮೇಲೋ ಎಂಬುದಕ್ಕೂ ತೀರ್ಮಾನ ಬೇಕು. ಊಹೆಗಳು ಮೇಲಿಂದ ಮೇಲೆ ಹುಸಿಯಾದಾಗ ದೇಹ ಅದನ್ನು ಅಪಾಯವೆಂದೇ ತಿಳಿದು ಅಡ್ರಿನಲಿನ್ ಸುರಿಸುತ್ತದೆ. ಇದರಲ್ಲಿ ನಿಮ್ಮ ಪುಕ್ಕಲುತನವೇನೂ ಇಲ್ಲ.

ವೇಳಾಪಟ್ಟಿ ಬರೆಯಲು ಕೂರಬೇಡಿ

ಮೂರನೆಯ ದಿನ ನಾನು ಮಾಡಿದ್ದೇ ಆ ತಪ್ಪು. ಎರಡು ಬಣ್ಣದ ಪೆನ್ನು ಹಿಡಿದು ಬೆಳಗಿನ ಆರರಿಂದ ರಾತ್ರಿ ಹತ್ತರವರೆಗೆ ಅರ್ಧರ್ಧ ಗಂಟೆಯ ಚೌಕಗಳನ್ನು ಗೀಚಿದೆ. ಮರುದಿನ ಹನ್ನೊಂದಾಗುವಷ್ಟರಲ್ಲಿ ನಾಲ್ಕು ಚೌಕ ಖಾಲಿ ಬಿದ್ದಿದ್ದವು. ತಳಮಳದ ಜೊತೆಗೆ ಈಗ ನಾಚಿಕೆಯೂ ಸೇರಿತು. ಲಂಡನ್ನಿನ ಸಂಶೋಧಕಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರ ಅಧ್ಯಯನದಲ್ಲಿ ಒಂದೇ ಒಂದು ಹೊಸ ಅಭ್ಯಾಸ ಮೈಗೂಡಲು ಸರಾಸರಿ 66 ದಿನ ಹಿಡಿದಿತ್ತು. ಹೀಗಿರುವಾಗ ಮೂವತ್ತೆರಡು ಚೌಕಗಳು ರಾತ್ರೋರಾತ್ರಿ ರೂಢಿಯಾಗುವುದೆಂತು? ಅದರ ಬದಲು ದಿನದಲ್ಲಿ ಎರಡೇ ಎರಡು ಹೊತ್ತನ್ನು ಗೂಟದಂತೆ ಕದಲದ ಹಾಗೆ ನೆಟ್ಟರೆ ಸಾಕು.

ಗೂಟ ಒಂದು: ಏಳುವ ಹೊತ್ತು

ಮಲಗುವ ಸಮಯ ನಮ್ಮ ಕೈಯಲ್ಲಿಲ್ಲ, ನಿದ್ದೆ ಬರಬೇಕು. ಏಳುವ ಸಮಯ ಕೈಯಲ್ಲಿದೆ. ದೇಹದೊಳಗಿನ ಗಡಿಯಾರ ಬಹುತೇಕರಲ್ಲಿ 24 ಗಂಟೆಗಿಂತ ತುಸು ನಿಧಾನ. ಅದನ್ನು ದಿನವೂ ಸರಿಪಡಿಸುವುದು ಬೆಳಗಿನ ಬೆಳಕು. ರಾತ್ರಿ ಎಷ್ಟೇ ಹೊರಳಾಡಿರಿ, ನಿಗದಿಯಾದ ಹೊತ್ತಿಗೆ ಎದ್ದು ಹತ್ತಿಪ್ಪತ್ತು ನಿಮಿಷ ಬಯಲಿನಲ್ಲೋ ಕಿಟಕಿಯ ಬಳಿಯೋ ಇರಿ. ರಜೆಯಲ್ಲವೇ ಎಂದು ಹತ್ತು ಗಂಟೆಯವರೆಗೆ ಮಲಗಿದರೆ ಮರುರಾತ್ರಿಯ ನಿದ್ದೆಯೂ ಕೆಡುತ್ತದೆ.

ಗೂಟ ಎರಡು: ಸಂಜೆ, ಇನ್ನೊಬ್ಬರ ಜೊತೆ

ಎರಡನೆಯದರಲ್ಲಿ ಇನ್ನೊಬ್ಬ ಮನುಷ್ಯ ಇರಬೇಕು. ಒಬ್ಬರೇ ಇಟ್ಟುಕೊಂಡ ಹೊತ್ತನ್ನು ಮುರಿಯಲು ಮನಸ್ಸು ನೂರು ನೆಪ ಹುಡುಕುತ್ತದೆ. ಎದುರಿಗೆ ಒಬ್ಬರು ಕಾಯುತ್ತಿದ್ದರೆ ಅಷ್ಟು ಸುಲಭವಲ್ಲ. ನಾನು ಹಳೆಯ ಸಹಪಾಠಿಯೊಬ್ಬನಿಗೆ ದಿನಾ ಸಂಜೆ ಆರೂವರೆಗೆ ಫೋನ್ ಮಾಡುತ್ತಿದ್ದೆ. ಮಾತು ಐದು ನಿಮಿಷ ಮೀರುತ್ತಿರಲಿಲ್ಲ, ವಿಷಯವೂ ಇರುತ್ತಿರಲಿಲ್ಲ.

ಈ ಎರಡು ನಿಂತ ಮೇಲೆ, ಹಳೆಯ ದಿನಚರಿ ನಿಮಗೆ ಕೊಡುತ್ತಿದ್ದುದೇನು ಎಂದು ಒಂದು ಹಾಳೆಯಲ್ಲಿ ಬರೆದು ನೋಡಿ. ಉತ್ತರ ನಿಮ್ಮನ್ನೇ ಅಚ್ಚರಿಗೊಳಿಸಬಹುದು. ನಾನು ಕಳೆದುಕೊಂಡದ್ದು ಕಚೇರಿಯನ್ನಲ್ಲ, ಬಸ್ಸಿನ ಕಿಟಕಿಗೆ ತಲೆಯಾನಿಸಿ ಯಾರಿಗೂ ಉತ್ತರ ಕೊಡಬೇಕಿಲ್ಲದೆ ಕೂರುತ್ತಿದ್ದ ಇಪ್ಪತ್ತು ನಿಮಿಷವನ್ನು. ಮನೆಯವರಿಗೆ ಹೇಳಿ ಆ ಇಪ್ಪತ್ತು ನಿಮಿಷವನ್ನು ಮರಳಿ ಪಡೆದೆ. ಅವರು ನಕ್ಕರು, ಆದರೆ ಆ ಹೊತ್ತಿನಲ್ಲಿ ಮಾತನಾಡಿಸಲಿಲ್ಲ.

ಎದೆ ಡವಗುಟ್ಟಿದಾಗ

ಉಸಿರನ್ನು ಒಳಗೆಳೆದಾಗ ಹೃದಯದ ಬಡಿತ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ಆದ್ದರಿಂದ ನಾಲ್ಕು ಎಣಿಸುತ್ತಾ ಮೂಗಿನಿಂದ ಒಳಗೆಳೆದುಕೊಂಡು, ಆರು ಎಣಿಸುತ್ತಾ ಮೆಲ್ಲಗೆ ಬಿಡಿ. ಮೂರ್ನಾಲ್ಕು ನಿಮಿಷ ಸಾಕು. ಉಸಿರನ್ನೇ ಗಮನಿಸುತ್ತಾ ಕೂತರೆ ಕೆಲವರ ಗಾಬರಿ ಹೆಚ್ಚುತ್ತದೆ. ಅಂಥವರು ಇದನ್ನು ಬಿಟ್ಟು ಎದ್ದು ನಡೆಯುವುದೇ ಮೇಲು.

ಚಿಂತೆಗೂ ಒಂದು ಹೊತ್ತು ಕೊಡಿ

ಚಿಂತಿಸಬೇಡ ಎಂದರೆ ಮನಸ್ಸು ಕೇಳುವುದಿಲ್ಲ. ಈಗ ಬೇಡ, ಐದು ಗಂಟೆಗೆ ಎಂದರೆ ಎಷ್ಟೋ ಸಲ ಕೇಳುತ್ತದೆ. 1983ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೊರ್ಕೊವೆಕ್ ಮತ್ತು ಸಂಗಡಿಗರು ಪರೀಕ್ಷಿಸಿದ ಕ್ರಮವಿದು: ದಿನವೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಅರ್ಧ ಗಂಟೆ ಚಿಂತಿಸುವುದು, ಉಳಿದ ಹೊತ್ತಿನಲ್ಲಿ ಬಂದದ್ದನ್ನು ಅಲ್ಲಿಗೆ ಮುಂದೂಡುವುದು. ಬಂದ ಚಿಂತೆಯನ್ನು ಒಂದು ಸಾಲಿನಲ್ಲಿ ಬರೆದಿಡಿ. ಈ ಅರ್ಧ ಗಂಟೆ ಹಾಸಿಗೆಯಲ್ಲಾಗಲಿ ಮಲಗುವ ಮುನ್ನವಾಗಲಿ ಬೇಡ. ನನಗೆ ಇದು ಮಕ್ಕಳಾಟ ಎನಿಸಿತ್ತು. ಒಂದು ಸಂಜೆ ಚಿಂತೆ ಬರೆದಿಟ್ಟ ಹಾಳೆ ತೆಗೆದರೆ, ‘ನನ್ನ ಮೇಜನ್ನು ಬೇರೆಯವರಿಗೆ ಕೊಟ್ಟುಬಿಟ್ಟರೆ?’ ಎಂದಿತ್ತು. ಬೆಳಿಗ್ಗೆ ಬೆವರಿಳಿಸಿದ್ದ ಸಾಲು ಸಂಜೆ ಯಾರದೋ ಕೈಬರಹದಂತೆ ಕಂಡಿತು.

ಕಾಫಿ, ಚಹಾ ಮಧ್ಯಾಹ್ನಕ್ಕೇ ನಿಲ್ಲಲಿ; ಕುಡಿದ ಕೆಫೀನಿನ ಅರ್ಧದಷ್ಟು ಐದಾರು ಗಂಟೆಯ ನಂತರವೂ ಮೈಯಲ್ಲಿರುತ್ತದೆ. ಸುದ್ದಿಯನ್ನು ದಿನಕ್ಕೆರಡು ಸಲ ನೋಡಿದರೆ ಸಾಕು. ಮನೆಯಲ್ಲಿ ಮಕ್ಕಳಿದ್ದರೆ ‘ಎಲ್ಲ ಸರಿಹೋಗುತ್ತದೆ’ ಎನ್ನುವ ಬದಲು ನಾಳೆ ಬೆಳಿಗ್ಗೆ ಏನು ನಡೆಯಲಿದೆ ಎಂಬುದನ್ನು ಹೇಳಿ.

ವೈದ್ಯರ ಬಳಿ ಯಾವಾಗ?

ಎರಡು ವಾರ ಕಳೆದರೂ ನಿದ್ದೆ, ಹಸಿವು ಮರಳದಿದ್ದರೆ, ಕೆಲಸಕ್ಕೆ ಕೈ ಏಳದಿದ್ದರೆ ತಡಮಾಡಬೇಡಿ. ಬದುಕಿನ ತಿರುವಿಗೆ ಹೊಂದಿಕೊಳ್ಳಲಾಗದ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಹೆಸರೂ ಇದೆ, ಚಿಕಿತ್ಸೆಯೂ ಇದೆ. ಎದೆನೋವನ್ನು ಆತಂಕವೆಂದು ನೀವೇ ತೀರ್ಮಾನಿಸಬೇಡಿ. ಸಾಯುವ ಯೋಚನೆ ಸುಳಿದರೆ ಅಂದೇ ಒಬ್ಬರಿಗೆ ಹೇಳಿ, ಅಂದೇ ವೈದ್ಯರನ್ನು ಕಾಣಿ.

ಪ್ಲಾಸ್ಟರ್ ತೆಗೆದ ಮೇಲೆ ಮೊದಲ ಸೋಮವಾರ, 8.10ಕ್ಕೆ ಚೀಟಿಯನ್ನು ಕೊರಳಿಗೆ ಹಾಕಿಕೊಂಡಾಗಲೂ ಎದೆ ಡವಡವ ಎಂದಿತು. ಮರಳುವುದೂ ದೇಹಕ್ಕೆ ಬದಲಾವಣೆಯೇ, ಹಾಗಾಗಿ ಆ ಮೊದಲ ವಾರಗಳಲ್ಲಿ ಗೂಟಗಳನ್ನು ಕೀಳಬೇಡಿ. ನನ್ನ ಆರೂವರೆಯ ಕರೆ ಇಂದಿಗೂ ನಿಂತಿಲ್ಲ. ಕಳೆದ ತಿಂಗಳು ಅವನು ನಿವೃತ್ತನಾದ, ಈಗ ಫೋನ್ ಮಾಡುವುದು ಅವನೇ.