ಸಮುದ್ರದಾಚೆ ಮಡಿದ ಮುತ್ತಜ್ಜನ ಹೆಸರು ಹುಡುಕುವ ಬಗೆ

ಮಹಾಯುದ್ಧಗಳ ಕಾಲದಲ್ಲಿ ಬ್ರಿಟಿಷರ ಸೈನ್ಯ ಸೇರಿ ಲಡಾಯಿಗೆ ಹೋಗಿ ಮರಳದ ಮುತ್ತಜ್ಜನ ಗೋರಿ ಎಲ್ಲಿದೆ ಎಂದು ಕೇಳಿಕೊಂಡು ಬರುವವರಿಗೆ ನಾನು ಹೇಳುವುದು ಇಷ್ಟೇ: ಗೋರಿಯನ್ನು ಬಿಡಿ, ಹೆಸರನ್ನು ಹುಡುಕಿ. ಪರದೇಶದಲ್ಲಿ ಮಡಿದ ಹಿಂದೂ ಸಿಪಾಯಿಗಳನ್ನು ಸಾಧ್ಯವಾದಲ್ಲಿ ದಹನ ಮಾಡಿದರು; ಎಷ್ಟೋ ಜನರ ಶವವೇ ಸಿಗಲಿಲ್ಲ. ಮುಸಲ್ಮಾನ ಸಿಪಾಯಿಯಾಗಿದ್ದರೆ ಹೆಸರು ಕೆತ್ತಿದ ಕಲ್ಲು ಸಿಗುವ ಸಂಭವ ಹೆಚ್ಚು. ಮಣ್ಣು ಮಾಡುವ ಪದ್ಧತಿಯ ನಮ್ಮ ಲಿಂಗಾಯತ ಮನೆಯವರು ಸಮಾಧಿಯನ್ನೇ ಕೇಳುತ್ತಾರೆ. ಪಲ್ಟನ್ ಅಷ್ಟೆಲ್ಲ ವಿಚಾರಿಸಿರಲಿಕ್ಕಿಲ್ಲ.

ನಾನು ಬೆಳಗಾವಿ ಜಿಲ್ಲೆಯ ತಹಶೀಲ್ದಾರ ಕಚೇರಿಯಲ್ಲಿ ದಫ್ತರ ಕಾಯ್ದು ನಿವೃತ್ತಳಾದವಳು. ಹಳೆಯ ಕಾಗದದ ವಾಸನೆ ಹಿಡಿದು ಬರುವ ಜನ ಇನ್ನೂ ನಿಂತಿಲ್ಲ.

ಕಂಪ್ಯೂಟರ್ ಮುಂದೆ ಕೂರುವ ಮೊದಲು ಮನೆಯ ಟ್ರಂಕು ತೆಗೆಯಿರಿ. ಮೊದಲ ಮಹಾಯುದ್ಧದ ಬೆಳ್ಳಿಯ ಪದಕವಿದ್ದರೆ ಅದರ ಮುಖದಲ್ಲಿರುವ ರಾಜನನ್ನು ನೋಡುತ್ತ ಕೂರಬೇಡಿ, ಅಂಚನ್ನು ತಿರುಗಿಸಿ ನೋಡಿ. ನಾಣ್ಯದ ದಪ್ಪದಷ್ಟೇ ಇರುವ ಆ ಅಂಚಿನ ಮೇಲೆ ಸಂಖ್ಯೆ, ಹುದ್ದೆ, ಹೆಸರು, ಪಲ್ಟನ್ ಇಷ್ಟನ್ನೂ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿರುತ್ತಾರೆ. ದೀಪಾವಳಿಗೊಮ್ಮೆ ಹಿತ್ತಾಳೆ ತಂಬಿಗೆಗಳ ಸಾಲಿಗೆ ಇದನ್ನೂ ಸೇರಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಿದ ಮನೆಗಳಲ್ಲಿ ಅಕ್ಷರ ಸವೆದಿರುತ್ತದೆ. ಮತ್ತೆ ತಿಕ್ಕಬೇಡಿ. ಕತ್ತಲ ಕೋಣೆಯಲ್ಲಿ ಮೊಬೈಲ್ ಬೆಳಕನ್ನು ಓರೆಯಾಗಿ ಬಿಟ್ಟು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಫೋಟೊ ತೆಗೆಯಿರಿ. ಅಕ್ಷರದ ನೆರಳು ಏಳುತ್ತದೆ. ಅಂಗೈಗಿಂತ ದೊಡ್ಡದಾದ ದುಂಡನೆಯ ಕಂಚಿನ ಫಲಕವಿದ್ದರೆ ಅದು ಮೊದಲ ಯುದ್ಧದಲ್ಲಿ ಸತ್ತವರ ಮನೆಗೆ ಬಂದದ್ದು. ಅದರಲ್ಲಿ ಹೆಸರು ಮಾತ್ರ ಇರುತ್ತದೆ, ಹುದ್ದೆಯಾಗಲಿ ಸಂಖ್ಯೆಯಾಗಲಿ ಇರುವುದಿಲ್ಲ.

ಪದಕ ಕರಗಿ ಕಾಲುಂಗುರವಾಗಿದ್ದರೆ? ಹಾಗಾದದ್ದೂ ಉಂಟು. ಆಗ ವಾರಸಾ ನೋಂದಣಿ ತೆಗೆಸಿ. ಅವನ ಹೆಸರಿನಲ್ಲಿ ಒಂದು ಕೂರಿಗೆ ಹೊಲವಿದ್ದರೂ ಸಾಕು, ಸತ್ತ ಮೇಲೆ ಹೆಂಡತಿಯ ಅಥವಾ ತಮ್ಮನ ಹೆಸರಿಗೆ ಏರಿಸುವಾಗ ತಲಾಠಿ ಒಂದು ಸಾಲು ಬರೆದಿರುತ್ತಾನೆ. ಹಳೆಯದು ಮೋಡಿ ಎಂಬ ಹಳೆಯ ಮರಾಠಿ ಕೈಬರಹದ ಲಿಪಿಯಲ್ಲಿರಬಹುದು. ಓದಬಲ್ಲ ಹಿರಿಯರು ಬೆಳಗಾವಿಯಲ್ಲಿ ಇನ್ನೂ ಇದ್ದಾರೆ. ತಂದೆಯ ಹೆಸರು, ಊರು, ಸತ್ತ ವರ್ಷ ಈ ಮೂರು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಇನ್ನು ಎರಡು ಮಹಾಯುದ್ಧಗಳಲ್ಲಿ ಸತ್ತವರ ಗೋರಿ, ಸ್ಮಾರಕ, ಹೆಸರುಗಳನ್ನು ಕಾಯುವ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣ. 1917ರಲ್ಲಿ ಹುಟ್ಟಿದ ಸಂಸ್ಥೆ ಇದು. ಹುಡುಕಲು ಕಾಸು ಬೇಡ, ತಾಳ್ಮೆ ಬೇಕು. ಮೊದಲ ಯುದ್ಧಕ್ಕೆ 4 ಆಗಸ್ಟ್ 1914ರಿಂದ 31 ಆಗಸ್ಟ್ 1921ರವರೆಗೆ, ಎರಡನೆಯದಕ್ಕೆ 3 ಸೆಪ್ಟೆಂಬರ್ 1939ರಿಂದ 31 ಡಿಸೆಂಬರ್ 1947ರವರೆಗೆ ಸತ್ತವರನ್ನು ಆಯೋಗ ಲೆಕ್ಕಕ್ಕೆ ಹಿಡಿಯುತ್ತದೆ. ಆದ್ದರಿಂದ 'ಲಡಾಯಿ ಮುಗಿದ ಮೇಲೆ ಸತ್ತ' ಎಂದು ಮನೆಯಲ್ಲಿ ಹೇಳಿದರೆ ಅಲ್ಲಿಗೇ ಕೈಬಿಡಬೇಡಿ.

ಸಂಖ್ಯೆ ಇದ್ದರೆ ಸಂಖ್ಯೆಯಿಂದಲೇ ಹುಡುಕಿ. ಹೆಸರನ್ನು ನಂಬಬೇಡಿ, ಅದನ್ನು ಬರೆದವನು ಕಿವಿಗೆ ಬಿದ್ದಂತೆ ಬರೆದಿದ್ದಾನೆ. ಅಡ್ಡಹೆಸರು ಬಿಟ್ಟು ತಂದೆಯ ಹೆಸರನ್ನಷ್ಟೇ ಸೇರಿಸಿರಬಹುದು, 'ಪ್ಪ' ಹಾರಿಹೋಗಿರಬಹುದು. ನಮ್ಮ ಕಡೆಯವರು ಸೇರುತ್ತಿದ್ದ ಪಲ್ಟನ್‌ಗಳ ಹೆಸರಿನಲ್ಲಿ ಬರುವ ಮರಾಠಾ ಎಂಬುದಕ್ಕೆ ಆ ಕಾಲದವರು ಬಳಸುತ್ತಿದ್ದ ಸ್ಪೆಲಿಂಗ್ ಎಂ, ಎ, ಎಚ್, ಆರ್, ಎ, ಎರಡು ಟಿ, ಎ. ಮೊದಲ ಯುದ್ಧದ ಮರಾಠಾ ಪಲ್ಟನ್‌ಗಳು 103, 105, 110, 114, 116, 117. ಅವೆಲ್ಲ 1922ರಲ್ಲಿ ಒಂದೇ ರೆಜಿಮೆಂಟಿಗೆ ಸೇರಿದವು. ಎರಡನೆಯ ಯುದ್ಧದ ಕಾಗದದಲ್ಲಿ 3/5 ಎಂದಿದ್ದರೆ 5ನೇ ಮರಾಠಾ ರೆಜಿಮೆಂಟಿನ 3ನೇ ಬಟಾಲಿಯನ್ ಎಂದು ತಿಳಿಯಿರಿ.

ಊರಿನ ವಿಷಯದಲ್ಲಿ ಇಂದಿನ ನಕ್ಷೆಯನ್ನು ಮಡಚಿಡಿ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಬಾದಾಮಿಯವನೂ ಹುನಗುಂದದವನೂ ಬಿಜಾಪುರದವನೆಂದೇ ದಾಖಲಾಗಿರುತ್ತಾನೆ. ಜಮಖಂಡಿ, ಮುಧೋಳ, ರಾಮದುರ್ಗ ಆಗ ಬೇರೆ ಬೇರೆ ಸಂಸ್ಥಾನಗಳು, ರಾಯಬಾಗ ಕೊಲ್ಹಾಪುರದ್ದು. ರಾಯಬಾಗ ಸೀಮೆಯವರೊಬ್ಬರು ಬೆಳಗಾವಿ ಎಂದು ಹಾಕಿ ಹಾಕಿ ಬೇಸತ್ತು ಬಂದಿದ್ದರು. 'ಕೊಲ್ಹಾಪುರ ಹಾಕಿ ನೋಡಿ' ಎಂದೆ. 'ಅಕ್ಕನವರೇ, ನಾವು ಕನ್ನಡದವರು' ಎಂದು ಮುನಿಸಿಕೊಂಡರು. ಹಾಕಿದರು, ಸಿಕ್ಕಿತು.

ಜಾಲತಾಣದಲ್ಲಿ ಒಬ್ಬೊಬ್ಬರ ಪುಟ ಹೇಗಿರುತ್ತದೆ ಎಂದು ತಿಳಿಯಲು ಯಶವಂತ ಘಾಡಗೆಯವರ ಹೆಸರು ಹಾಕಿ ನೋಡಿ. 3/5 ಮರಾಠಾದಲ್ಲಿ ನಾಯಕ್ ಹುದ್ದೆಯಲ್ಲಿದ್ದವರು. 10 ಜುಲೈ 1944ರಂದು ಇಟಲಿಯಲ್ಲಿ ಮಡಿದು, ಬ್ರಿಟಿಷರ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದವರು. ಅಂಥವರಿಗೂ ಗೋರಿಯಿಲ್ಲ, ಕ್ಯಾಸಿನೊ ಸ್ಮಾರಕದಲ್ಲಿ ಹೆಸರಿದೆ. ದಹನವಾದ ಹಿಂದೂ ಸೈನಿಕರ ಹೆಸರುಗಳಿಗೆ ಇಟಲಿಯಲ್ಲೇ ಸಾಂಗ್ರೊ ನದಿಯ ಬಳಿ ಒಂದು, ಫೊರ್ಲಿಯಲ್ಲಿ ಒಂದು ಸ್ಮಾರಕವಿದೆ. 1941ರಲ್ಲಿ ಎರಿಟ್ರಿಯಾದ ಕೆರೆನ್‌ನಲ್ಲಿ ಕಾದಿ ಮಡಿದವರಿಗೆ ಅಲ್ಲಿಯೂ ದಹನ ಸ್ಮಾರಕವಿದೆ.

ಮೆಸಪೊಟೇಮಿಯಾದ್ದು, ಅಂದರೆ ಇಂದಿನ ಇರಾಕಿನದ್ದು, ಬೇರೆಯೇ ಕಥೆ, ನಮ್ಮ ಕಡೆಯವರು ಕೇಳುವುದೂ ಅದನ್ನೇ. 103, 110, 117 ಪಲ್ಟನ್‌ಗಳು ಕುತ್ ಎಂಬಲ್ಲಿ ಮುತ್ತಿಗೆಗೆ ಸಿಕ್ಕು 29 ಏಪ್ರಿಲ್ 1916ರಂದು ತುರ್ಕರಿಗೆ ಶರಣಾದವು. ಆಮೇಲೆ ಸೆರೆಯಾಳುಗಳನ್ನು ಮರಳುಗಾಡಿನಲ್ಲಿ ನಡೆಸಿದರು. ದಾರಿಯಲ್ಲಿ ಬಿದ್ದವರಿಗೆ ಗುರುತಿಲ್ಲ. ಇಂಥವರ ಪುಟದಲ್ಲಿ 'ಬಸ್ರಾ ಸ್ಮಾರಕ' ಎಂದಿರುತ್ತದೆ. ಆದರೆ ಗೋಡೆಯ ಫೋಟೊ ತರಿಸಿ ಹೆಸರು ಹುಡುಕಲು ಹೋಗಬೇಡಿ. ಬ್ರಿಟಿಷರ ಹೆಸರನ್ನೂ ಭಾರತೀಯ ಅಧಿಕಾರಿಗಳ ಹೆಸರನ್ನೂ ಕೆತ್ತಿದರು. ನಮ್ಮ ಸಿಪಾಯಿಗಳನ್ನು ಪಲ್ಟನ್ನಿನ ಹೆಸರಿನಡಿ ಇಂತಿಷ್ಟು ಜನ ಎಂದು ಎಣಿಕೆ ಹಾಕಿ ಮುಗಿಸಿದರು. ಹೆಸರು ಆಯೋಗದ ಪುಸ್ತಕದಲ್ಲಿದೆ, ಕಲ್ಲಿನಲ್ಲಿಲ್ಲ. ಅದೇ ನಾಡಿನ ಅಮಾರಾದಲ್ಲಿ ಟೈಗ್ರಿಸ್ ನದಿಯ ಎಡದಂಡೆಯ ಭಾರತೀಯ ಸ್ಮಶಾನದಲ್ಲಿ ಸುಮಾರು 5,000 ಜನರಿದ್ದಾರೆ, ಹೆಸರು ತಿಳಿದವರು 9. ಈ ತಾರತಮ್ಯ ನಡೆದದ್ದು ನಿಜವೆಂದು ಆಯೋಗ 2021ರ ವರದಿಯಲ್ಲಿ ಒಪ್ಪಿಕೊಂಡಿತು. ನೂರು ವರ್ಷ ತಡವಾಗಿ.

ಪುಟ ಸಿಕ್ಕ ಮೇಲೆ ಅದರ ಪ್ರತಿಯನ್ನಿಟ್ಟು ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರಕ್ಕೆ ಪತ್ರ ಬರೆಯಿರಿ. ಕ್ಯಾಂಪಿನ ಗೇಟಿಗೆ ಹೋಗಿ ನಿಂತರೆ ಪಹರೆಯವನಿಗೂ ಕಷ್ಟ, ನಿಮಗೂ ಕಷ್ಟ. ಸಂಖ್ಯೆ, ಬಟಾಲಿಯನ್, ತಾರೀಖು ಇಲ್ಲದ ಪತ್ರಕ್ಕೆ ಉತ್ತರ ನಿರೀಕ್ಷಿಸಬೇಡಿ. ಹೆಸರೋ ತಂದೆಯ ಹೆಸರೋ ತಪ್ಪಾಗಿದ್ದರೆ ದಾಖಲೆ ಲಗತ್ತಿಸಿ ಆಯೋಗಕ್ಕೇ ತಿದ್ದುಪಡಿ ಕೇಳಬಹುದು.

ಕ್ಯಾಸಿನೊಗೆ ರೋಮ್‌ನಿಂದ ರೈಲಿದೆ. ಹೋಗುವವರು ಪುಟದಲ್ಲಿರುವ ಪ್ಯಾನೆಲ್ ಸಂಖ್ಯೆಯನ್ನು ಬರೆದುಕೊಂಡೇ ಹೋಗಿ. ಅಲ್ಲಿ ಹೆಸರುಗಳು ಒಟ್ಟಾರೆ ಅಕಾರಾದಿಯಲ್ಲಿಲ್ಲ. ಮೊದಲು ರೆಜಿಮೆಂಟ್, ಅದರೊಳಗೆ ಹುದ್ದೆ, ಹುದ್ದೆಯೊಳಗೆ ಹೆಸರು. ಸಿಪಾಯಿಗಳು ಪಟ್ಟಿಯ ಕೊನೆಗೆ ಬರುತ್ತಾರೆ.